ಗೋಳಗುಮ್ಮಟ: ಕಟ್ಟಡವೇ ವಾದ್ಯ

ವಿಜಯಪುರದ ಈ ಕಟ್ಟಡ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ (ಆಳ್ವಿಕೆ 1627–1656) ಸಮಾಧಿ. ಗುಮ್ಮಟದ ಬುಡದಲ್ಲಿ ಒಳಗೆ ಸುತ್ತಲೂ ಹಬ್ಬಿರುವುದೇ ಪಿಸುಗುಟ್ಟುವ ಗ್ಯಾಲರಿ. ಇಲ್ಲಿ ಗೋಡೆಯ ಬಳಿ ಆಡಿದ ಪಿಸುಮಾತು ಬಾಗಿದ ಗೋಡೆಯನ್ನೇ ಹಿಡಿದು ಸಾಗಿ, ಸುಮಾರು 38 ಮೀಟರ್ ಆಚೆ ನಿಂತವರ ಕಿವಿ ಮುಟ್ಟುತ್ತದೆ. ಚಪ್ಪಾಳೆಯ ಸದ್ದು ಎದುರು ಗೋಡೆಗೆ ಬಡಿದು ಮರಳಲು ಸುಮಾರು 0.22 ಸೆಕೆಂಡು ಬೇಕು. ಹಾಗಾಗಿ ಪ್ರತಿಧ್ವನಿಗಳನ್ನು ಒಂದೊಂದಾಗಿ ಎಣಿಸಬಹುದು.

ಎಲೆಕ್ಟ್ರಾನಿಕ್ ಸಂಗೀತಗಾರರೂ ಜಾಗವನ್ನೇ ವಾದ್ಯವಾಗಿಸಿಕೊಂಡಿದ್ದಾರೆ. 1969ರಲ್ಲಿ ಅಮೆರಿಕದ ಆಲ್ವಿನ್ ಲೂಸಿಯರ್ ತಮ್ಮ ಮಾತನ್ನು ಟೇಪಿಗಿಳಿಸಿ, ಕೋಣೆಯಲ್ಲಿ ಕೇಳಿಸಿ, ಮತ್ತೆ ಮತ್ತೆ ಧ್ವನಿಮುದ್ರಿಸಿದರು. ಕೊನೆಗೆ ಮಾತು ಕರಗಿ ಕೋಣೆಯ ಅನುರಣನವಷ್ಟೇ ಉಳಿಯಿತು.

ಈ ಗ್ಯಾಲರಿಯಲ್ಲಿ ನೀವೂ ಒಬ್ಬೊಬ್ಬರಾಗಿ ಚಪ್ಪಾಳೆ ತಟ್ಟಿ. ಉಳಿದವರು ಮೌನವಾಗಿ ಆಲಿಸಿ.