ಓಟಗಾರನ ಹಿಮ್ಮಡಿ: ಜನಾಂಗವಾದದ ಒಂದು ಅಧ್ಯಾಯ

ಓಟದ ವೇಗವೂ ದೀರ್ಘದೂರದ ತಾಳಿಕೆಯೂ ಹುಟ್ಟಿನಿಂದಲೇ ಬರುವ ಗುಣಗಳೆಂಬ ಭಾವನೆ ಬಹು ಹಳೆಯದು. ಇಪ್ಪತ್ತನೆಯ ಶತಮಾನದಲ್ಲಿ ಅದು ಜನಾಂಗವಾದದ ಕೈಸೇರಿದ ಬಗೆಯನ್ನು ಒಂದು ನಿದರ್ಶನದ ಮೂಲಕ ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

1936ರ ಆಗಸ್ಟಿನಲ್ಲಿ ಬರ್ಲಿನ್ ಒಲಿಂಪಿಕ್ ಕ್ರೀಡೆಗಳಲ್ಲಿ ಜೆಸ್ಸಿ ಓವೆನ್ಸ್ ನಾಲ್ಕು ಚಿನ್ನದ ಪದಕಗಳನ್ನು ಗೆದ್ದುದು ಸರ್ವವಿದಿತ. ಅದಕ್ಕೆ ಮೊದಲೇ ಅವರ ಕಾಲುಗಳು ಅಮೆರಿಕದಲ್ಲಿ ವಾದವಸ್ತುವಾಗಿದ್ದವು. ಕಪ್ಪು ವರ್ಣದವರ ಹಿಮ್ಮಡಿಯ ಮೂಳೆ ನೀಳವಾದುದೆಂದೂ ಅದರಿಂದಲೇ ಅವರಿಗೆ ವೇಗ ಸಿದ್ಧಿಸುವುದೆಂದೂ ಹಲವರು ಸಾರುತ್ತಿದ್ದರು. ಎಂದರೆ, ಗೆಲುವು ಮೂಳೆಯದೇ ಹೊರತು ಮನುಷ್ಯನದಲ್ಲ! ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾನಿಲಯದ ಅಂಗರಚನಾಶಾಸ್ತ್ರಜ್ಞರೂ ಸ್ವತಃ ಕಪ್ಪು ವರ್ಣದವರೂ ಆದ ಮಾಂಟಗ್ಯೂ ಕಾಬ್ ಈ ವಾದವನ್ನು ಅಳತೆಯಿಂದಲೇ ಎದುರಿಸಿದರು. ಓವೆನ್ಸರ ಹಿಮ್ಮಡಿಯಾಗಲಿ ಮೀನಖಂಡವಾಗಲಿ ಆ ಸಿದ್ಧಾಂತಕ್ಕೆ ಹೊಂದುವುದಿಲ್ಲವೆಂದೂ, ಕಪ್ಪು ವರ್ಣದ ಶ್ರೇಷ್ಠ ಓಟಗಾರರೆಲ್ಲರಿಗೂ ಸಮಾನವಾದ ಒಂದೇ ಒಂದು ಜನಾಂಗಲಕ್ಷಣವೂ ಇಲ್ಲವೆಂದೂ, ಗೆಲುವಿಗೆ ಅಭ್ಯಾಸವೂ ಛಲವೂ ಮುಖ್ಯವೆಂದೂ 1936ರಲ್ಲಿಯೇ ಪ್ರಕಟಿಸಿದರು. ಇಷ್ಟಾದರೂ 1941ರಲ್ಲಿ ಪ್ರಖ್ಯಾತ ತರಬೇತುಗಾರ ಡೀನ್ ಕ್ರಾಮ್‌ವೆಲ್ ತಮ್ಮ ಗ್ರಂಥದಲ್ಲಿ, ಈ ಓಟಗಾರರು ಕಾಡಿನ ಬದುಕಿಗೆ ಹತ್ತಿರದವರಾದುದೇ ಅವರ ವೇಗಕ್ಕೆ ಕಾರಣವೆಂದು ಬರೆದರು. ಅಳತೆಗೋಲು ಹೇಳಿದುದನ್ನು ಪೂರ್ವಗ್ರಹ ಕೇಳಿಸಿಕೊಳ್ಳಲಿಲ್ಲ.

ಆನುವಂಶಿಕತೆಗೆ ಪಾತ್ರವೇ ಇಲ್ಲವೆಂದು ನಾವು ಹೇಳುತ್ತಿಲ್ಲ. 1964ರಲ್ಲಿ ಇನ್ಸ್‌ಬ್ರುಕ್ಕಿನಲ್ಲಿ ಎರಡು ಚಿನ್ನ ಗೆದ್ದ ಫಿನ್‌ಲೆಂಡಿನ ಸ್ಕೀ ಪಟು ಈರೊ ಮ್ಯಾಂಟಿರಾಂಟ ಅವರ ರಕ್ತದಲ್ಲಿ ಕೆಂಪುಕಣಗಳು ಅಸಾಧಾರಣವಾಗಿ ಅಧಿಕವಾಗಿದ್ದವು. ಅದಕ್ಕೆ ಕಾರಣವಾದ ವಂಶವಾಹಿಯ ಮಾರ್ಪಾಡು 1993ರಲ್ಲಿ ಪತ್ತೆಯಾಯಿತು. ಆದರೆ ಅದು ಒಂದು ಮನೆತನದ ಸೊತ್ತು, ಜನಾಂಗದ್ದಲ್ಲ. ಅದನ್ನು ಪಡೆದ ಬಂಧುಗಳೆಲ್ಲರೂ ಒಲಿಂಪಿಕ್ ಪದಕ ಗೆಲ್ಲಲೂ ಇಲ್ಲ.

ಎಸಿಟಿಎನ್3 ಎಂಬ ವಂಶವಾಹಿಯ ಕಥೆ ಇನ್ನೂ ಬೋಧಪ್ರದ. ಅದು ವೇಗದ ಸ್ನಾಯುತಂತುಗಳ ಒಂದು ಪ್ರೋಟೀನನ್ನು ನಿರ್ಮಿಸುತ್ತದೆ. ಯೂರೋಪು ಮೂಲದವರಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ಈ ಪ್ರೋಟೀನಿಲ್ಲ. ಅಂಥವರು ಉನ್ನತ ದರ್ಜೆಯ ವೇಗದ ಓಟಗಾರರಲ್ಲಿ ವಿರಳವೆಂದು 2003ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ತೋರಿಸಿದರು. ‘ವೇಗದ ವಂಶವಾಹಿ’ ಎಂಬ ಹೆಸರು ಕೂಡಲೆ ಹರಡಿತು. ಆದರೆ ಕೆನ್ಯದಲ್ಲಿ ಈ ಪ್ರೋಟೀನಿಲ್ಲದವರು ನೂರಕ್ಕೆ ಒಬ್ಬರಷ್ಟೇ. ಹಾಗಿದ್ದೂ ಆ ದೇಶದ ಕೀರ್ತಿ ದೂರದ ಓಟದಲ್ಲಿ! ಅಲ್ಲಿಯ ಓಟಗಾರರಿಗೂ ಸಾಮಾನ್ಯ ಜನರಿಗೂ ಈ ವಿಷಯದಲ್ಲಿ ಭೇದವಿಲ್ಲವೆಂದು 2007ರಲ್ಲಿ ಕಂಡುಬಂದಿತು.

ಈ ನಡುವೆ ಮಕ್ಕಳ ಬಾಯಿಯ ಒಳಪದರದ ಜೀವಕೋಶಗಳನ್ನು ಪರೀಕ್ಷಿಸಿ, ಅವರು ಯಾವ ಕ್ರೀಡೆಗೆ ತಕ್ಕವರೆಂದು ನುಡಿಯುವ ವ್ಯಾಪಾರ ಅಮೆರಿಕದಲ್ಲಿ ಆರಂಭವಾಯಿತು. ಪ್ರತಿಭಾಶೋಧನೆಯಲ್ಲಿ ಇಂಥ ಪರೀಕ್ಷೆಗೆ ಸ್ಥಾನವಿಲ್ಲವೆಂದು 2015ರಲ್ಲಿ ತಜ್ಞರು ಒಮ್ಮತದಿಂದ ಸಾರಿದರು.