ಅರಿವು ಮತ್ತು ಅಭ್ಯಾಸ

ಕಪಿಲೆಯ ದಡದ ನಂಜನಗೂಡಿನಲ್ಲಿಯೂ ಕಾವೇರಿ-ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರದಲ್ಲಿಯೂ ನದಿಯಲ್ಲಿ ಮಿಂದು ದೇವರ ದರ್ಶನಕ್ಕೆ ಹೋಗುವ ರೂಢಿ ಬಹು ಹಳೆಯದು. ಆ ಶುದ್ಧಿ ಮೀಯುವವರಿಗಾಗಿ. ಇದೇ ಊರುಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಬೇಕಾದ ಕೈಶುದ್ಧಿಯಾದರೋ ಮೊದಲಿಗೆ ಪರರಿಗಾಗಿ. ಈ ಭೇದವನ್ನು ವೈದ್ಯಲೋಕವು ಅರಿತದ್ದು ತಡವಾಗಿ.

1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿದ್ದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್, ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರ ವಿಭಾಗದಲ್ಲಿಯೇ ಬಾಣಂತಿಯರು ಹೆಚ್ಚಾಗಿ ಸಾಯುವುದನ್ನು ಗಮನಿಸಿದರು. ವೈದ್ಯರು ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆಗೆ ಬರುತ್ತಿದ್ದರು. ಬ್ಲೀಚಿಂಗ್ ಪುಡಿಯ ದ್ರಾವಣದಲ್ಲಿ ಕೈ ತೊಳೆದೇ ಬರಬೇಕೆಂದು ಮೇ ತಿಂಗಳಲ್ಲಿ ಅವರು ನಿಯಮ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು. ಆದರೂ ತಮ್ಮ ಕೈಯೇ ಸಾವಿಗೆ ಕಾರಣವೆಂಬುದನ್ನು ಅನೇಕ ವೈದ್ಯರು ಒಪ್ಪಲಿಲ್ಲ.

ಇಂದು ಆ ಅರಿವಿಗೆ ಕೊರತೆಯಿಲ್ಲ. 2020ರ ಮಾರ್ಚಿಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಕಾಣಿಸಿಕೊಂಡ ದಿನಗಳಲ್ಲಿ ಕೈ ತೊಳೆಯುವ ಪಾಠ ಮನೆಮನೆಗೂ ತಲುಪಿತು. ಆದರೆ ಅರಿವು ಅಭ್ಯಾಸವಾಗುವುದು ಸುಲಭವಲ್ಲ. ಆಸ್ಪತ್ರೆಯ ಸಿಬ್ಬಂದಿ ಕೈ ತೊಳೆಯಬೇಕಾದ ಐದು ಸಂದರ್ಭಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರ ಮಾರ್ಗಸೂಚಿಯಲ್ಲಿ ಗೊತ್ತುಮಾಡಿದೆ. ರೋಗಿಯನ್ನು ಮುಟ್ಟಿದ ಮೇಲೆ ತೊಳೆಯುವಷ್ಟು ಮುಟ್ಟುವ ಮುನ್ನ ತೊಳೆಯುವುದಿಲ್ಲವೆಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ಮುಟ್ಟಿದ ಮೇಲಿನದು ಮುಖ್ಯವಾಗಿ ತನ್ನ ರಕ್ಷಣೆ. ಮುನ್ನಿನದು ರೋಗಿಯ ರಕ್ಷಣೆ.

ಸಾಬೂನಿನಿಂದ ಕೈ ತೊಳೆಯಲು 40ರಿಂದ 60 ಸೆಕೆಂಡು ಸಾಕು. ರೋಗಿಯ ಹಾಸಿಗೆಯ ಸಮೀಪದಲ್ಲಿ ನೀರು-ಸಾಬೂನುಗಳನ್ನು ಒದಗಿಸುವುದು ಆಡಳಿತದ ಹೊಣೆ. ಹಿರಿಯ ವೈದ್ಯರು ತಾವೇ ಮೊದಲು ತೊಳೆದರೆ ಕಿರಿಯರಿಗೆ ಬೇರೆ ಬೋಧನೆ ಬೇಡ. ಬೇಕೆಂದು ಮಾಡದಿದ್ದರೂ, ಪ್ರಮಾದದಿಂದ ಪರರಿಗಾದ ನೋವಿಗೆ ನಾವು ಹೊಣೆಗಾರರೇ ಅಲ್ಲವೇ?