ಹಬ್ಬದ ಮೇಜು ಮತ್ತು ಹಂದಿಯ ತೊಡೆ: ಒಂದು ಚಾರಿತ್ರಿಕ ಅವಲೋಕನ

ಪಾಶ್ಚಾತ್ಯರ ಕ್ರಿಸ್‌ಮಸ್ ಊಟವೆಂದರೆ ಹ್ಯಾಮ್, ಅದರ ಪಕ್ಕದಲ್ಲಿ ಬೇಯಿಸಿ ಮಿದ್ದ ಆಲೂಗಡ್ಡೆ, ಬಟಾಣಿ, ಎಲೆಕೋಸು. ಈ ಚಿತ್ರವು ನಮ್ಮ ಸಭೆಗಳಿಗೂ ಅಪರಿಚಿತವಲ್ಲ. ಕಲಬುರಗಿಯ ಗಾಜಿಪುರದಂತಹ ಬಡಾವಣೆಯಲ್ಲಿ ವಾಸಿಸುವ ಸಭಾಪಾಲಕನು ಡಿಸೆಂಬರ್ 25ರಂದು ತನ್ನ ಮನೆಗೆ ಯಾರನ್ನು ಕರೆಯುವನು, ಅವರ ಮುಂದೆ ಏನನ್ನು ಬಡಿಸುವನು ಎಂಬುದು ಅಡುಗೆಮನೆಯ ಪ್ರಶ್ನೆಯಂತೆ ತೋರಿದರೂ ವಾಸ್ತವದಲ್ಲಿ ಅದು ಸಭೆಯ ಸ್ವರೂಪಕ್ಕೆ ಸಂಬಂಧಿಸಿದ ಪ್ರಶ್ನೆ. ಆದುದರಿಂದ ಈ ಆಹಾರದ ಚರಿತ್ರೆಯನ್ನು ಪರಿಶೀಲಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಹ್ಯಾಮ್ ಎಂಬುದು ಮೊದಲಿಗೆ ಹವಾಮಾನದ ಕೂಸು. ಯೂರೋಪಿನ ರೈತರು ಶರತ್ಕಾಲದಲ್ಲಿ ಹಂದಿಗಳನ್ನು ಓಕ್ ಮರದ ಕಾಯಿಗಳ ಮೇಲೆ ಮೇಯಿಸಿ ಕೊಬ್ಬಿಸುತ್ತಿದ್ದರು. ಚಳಿಗಾಲದಲ್ಲಿ ಮೇವು ಸಾಲದಿದ್ದುದರಿಂದ ಅದರ ಆರಂಭದಲ್ಲಿಯೇ ಅವುಗಳನ್ನು ಕೊಯ್ಯುತ್ತಿದ್ದರು. ಹಿಂದೊಡೆಗೆ ಉಪ್ಪು ತಿಕ್ಕಿ, ವಾರಗಟ್ಟಲೆ ತಣ್ಣಗಿನ ಕೋಣೆಯಲ್ಲಿಟ್ಟು, ಅನೇಕ ಕಡೆ ಹೊಗೆಗೂ ಹಿಡಿದು ಕಾಪಿಡುತ್ತಿದ್ದರು. ಹಬ್ಬದ ದಿನ ಮಾಡಬೇಕಾದುದು ಅಲ್ಪವೇ: ನೀರಿನಲ್ಲಿ ನೆನೆಹಾಕಿ ಹೆಚ್ಚಿನ ಉಪ್ಪನ್ನು ತೆಗೆಯುವುದು, ಸಣ್ಣ ಉರಿಯಲ್ಲಿ ಬೇಯಿಸುವುದು, ತೊಗಲನ್ನು ಸುಲಿದು ಕೊಬ್ಬಿನ ಮೇಲೆ ಗೆರೆ ಕೊಯ್ದು ಲವಂಗ ಚುಚ್ಚುವುದು, ಸಕ್ಕರೆಯನ್ನೂ ಸಾಸಿವೆಯನ್ನೂ ಸವರಿ ಒಲೆಯ ಬಿಸಿಯಲ್ಲಿ ಕೆಂಪಗೆ ಸುಡುವುದು. ಅಷ್ಟರಲ್ಲಿ ಪಕ್ಕದ ಕಾಯಿಪಲ್ಲೆಗಳೂ ಬೆಂದಿರುತ್ತವೆ. ಈ ಭೋಜನಕ್ಕೆ ಕಾರಣ ಚಳಿ, ಉಪ್ಪು ಮತ್ತು ಉಗ್ರಾಣವೇ ಹೊರತು ಬೆತ್ಲೆಹೇಮಲ್ಲ. ಶೀತಲಯಂತ್ರಗಳಿಲ್ಲದ ಕಾಲದಲ್ಲಿ ದಖ್ಖಣದ ಬಿಸಿಲಿಗೆ ಉಪ್ಪು ಎಲುಬನ್ನು ಮುಟ್ಟುವ ಮೊದಲೇ ಮಾಂಸ ಕೆಡುತ್ತಿತ್ತು. ಹೀಗಾಗಿ ಕನ್ನಡ ನಾಡಿನಲ್ಲಿ ಹ್ಯಾಮ್ ಹೆಚ್ಚಾಗಿ 1809ರಲ್ಲಿ ನೆಲೆಗೊಂಡ ಬೆಂಗಳೂರು ದಂಡಿನಂತಹ ಸ್ಥಳಗಳ ಹಾಗೂ ಯೂರೋಪಿಯನ್ನರ ಬಂಗಲೆಗಳ ಆಹಾರವಾಗಿತ್ತು.

ಆದರೆ ಹಂದಿಮಾಂಸವು ಬರಿಯ ಆಹಾರವಾಗಿ ಉಳಿಯಲಿಲ್ಲ. ಯಾಜಕಕಾಂಡದ 11ನೆಯ ಅಧ್ಯಾಯವು ಅದನ್ನು ಅಶುದ್ಧವೆಂದು ಎಣಿಸಿತು. ಕ್ರಿಸ್ತಪೂರ್ವ 2ನೆಯ ಶತಮಾನದಲ್ಲಿ ಅಂತಿಯೋಕ ಎಪಿಫಾನನ ಕಾಲದ ಹಿಂಸೆಯಲ್ಲಿ, ಅದನ್ನು ತಿನ್ನಲೊಪ್ಪದ ವೃದ್ಧ ಎಲಿಯಾಜರನು ಪ್ರಾಣವನ್ನೇ ತೆತ್ತನೆಂದು ಮಕ್ಕಬಿಯರ ಎರಡನೆಯ ಪುಸ್ತಕವು ತಿಳಿಸುತ್ತದೆ. ಆ ಬಲಾತ್ಕಾರವನ್ನು ಮಾಡಿದವರು ಅನ್ಯರು. ಆದರೆ 1478ರಲ್ಲಿ ಅನುಮತಿ ಪಡೆದ ಸ್ಪೇನಿನ ಧರ್ಮವಿಚಾರಣಾ ನ್ಯಾಯಾಲಯದ ಕಾಲದಲ್ಲಿ, ಸ್ನಾನಹೊಂದಿದ ಯೆಹೂದ್ಯರು ಹಂದಿಮಾಂಸವನ್ನು ದೂರವಿಟ್ಟರೆಂಬುದೇ ಗುಪ್ತ ಯೆಹೂದ್ಯತನದ ಗುರುತಾಯಿತು. ಯೊಪ್ಪದ ಮಾಳಿಗೆಯ ಮೇಲೆ ಸ್ವಾತಂತ್ರ್ಯವಾಗಿ ದೊರಕಿದುದನ್ನು ಸಭೆಯೇ ನೊಗವಾಗಿ ಮಾರ್ಪಡಿಸಿತು. ಇದನ್ನು ನಾವು ನಾಚಿಕೆಯಿಂದಲೇ ಬರೆಯಬೇಕಾಗಿದೆ.

ನಮ್ಮ ನಾಡಿನಲ್ಲಿ ಇದರ ಅರ್ಥವು ಬೇರೆಯೇ. ಕೊಡಗಿನ ಹಬ್ಬಗಳಲ್ಲಿ ಪಂದಿಕರಿಯು ಮಾನ್ಯವಾದ ಭಕ್ಷ್ಯ. ಮಂಗಳೂರಿನ ಕಥೋಲಿಕರು ಸಣ್ಣದೊಂದಿಗೆ ಹಂದಿಮಾಂಸವನ್ನು ಸಂತೋಷದಿಂದ ಬಡಿಸುತ್ತಾರೆ. ಬಯಲುಸೀಮೆಯಲ್ಲಾದರೋ ಹಂದಿ ಸಾಕುವವರ ಗುಡಿಸಲುಗಳು ಊರ ಹೊರಗೇ ಉಳಿದವು. 1870ರಲ್ಲಿ ಭಾರತಕ್ಕೆ ಬಂದ ವಿಲಿಯಂ ಟೇಲರರಿಂದ ದಕ್ಷಿಣದಲ್ಲಿ ಬೇರೂರಿದ ಮೆಥಡಿಸ್ಟ್ ಸೇವೆಯು ಅದೇ ಶತಮಾನದಲ್ಲಿ ನಿಜಾಮರ ಸಂಸ್ಥಾನದ ಕನ್ನಡ ಜಿಲ್ಲೆಗಳನ್ನು ತಲಪಿತು. ಸುವಾರ್ತೆಯನ್ನು ಸ್ವೀಕರಿಸಿದವರಲ್ಲಿ ಬಹುಮಂದಿ ಮಾದಿಗರು ಮತ್ತು ಹೊಲೆಯರು. ಸತ್ತ ಪ್ರಾಣಿಯ ಮಾಂಸವನ್ನು ಬಿಡಬೇಕೆಂದು ಮಿಷನರಿಗಳು ಇಂತಹ ಹೊಸ ವಿಶ್ವಾಸಿಗಳಿಗೆ ಬೋಧಿಸಿದರು. ಆರೋಗ್ಯದ ದೃಷ್ಟಿಯಿಂದ ಇದು ಹಿತವೇ. ಆದರೂ ಒಂದು ವೈಪರೀತ್ಯವನ್ನು ಗಮನಿಸಬೇಕು. ಅದೇ ಪ್ರಾಣಿಯ ಮಾಂಸವು ಬಂಗಲೆಯ ಪಿಂಗಾಣಿ ತಟ್ಟೆಯಲ್ಲಿದ್ದಾಗ ನಾಗರಿಕತೆಯ ಲಕ್ಷಣ, ಗುಡಿಸಲಿನ ಗಡಿಗೆಯಲ್ಲಿದ್ದಾಗ ಹೀನತೆಯ ಗುರುತು. ಜಾತಿಯು ನೋಡುವುದು ಮಾಂಸವನ್ನಲ್ಲ, ಅದನ್ನು ತಿನ್ನುವ ಕೈಯನ್ನು.

ಅಪೊಸ್ತಲರ ಕೃತ್ಯಗಳ 11ನೆಯ ಅಧ್ಯಾಯದಲ್ಲಿ ಪೇತ್ರನ ಮೇಲೆ ಬಂದ ಆಕ್ಷೇಪಣೆಯೂ ಇಂತಹದ್ದೇ. ಅವನು ಏನು ತಿಂದನೆಂದು ಯಾರೂ ಕೇಳಲಿಲ್ಲ. ಯಾರೊಂದಿಗೆ ತಿಂದನೆಂದು ಕೇಳಿದರು. ಅಂತಿಯೋಕ್ಯದಲ್ಲಿ ಅದೇ ಪೇತ್ರನು ಜನರಿಗೆ ಅಂಜಿ ಮೇಜಿನಿಂದ ಹಿಂಜರಿದಾಗ ಪೌಲನು ಮುಖಾಮುಖಿಯಾಗಿ ಎದುರಿಸಿದನು. ಆದರೂ ರೋಮಾಪುರದವರಿಗೆ ಬರೆಯುವಾಗ ಪೌಲನೇ, ಸಹೋದರನಿಗೆ ವಿಘ್ನವಾಗುವುದಾದರೆ ಮಾಂಸವನ್ನು ತಿನ್ನದಿರುವುದು ಲೇಸೆನ್ನುತ್ತಾನೆ. ಈ ಎರಡು ಬೋಧನೆಗಳನ್ನೂ ನಾವು ಜೊತೆಯಾಗಿ ಹಿಡಿಯಬೇಕು. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ದರ್ಗಾ ಹಾಗೂ ಶರಣಬಸವೇಶ್ವರರ ದಾಸೋಹದ ಪರಂಪರೆ ಇರುವ ಊರು ಇದು. ರಂಜಾನಿನಲ್ಲಿ ಶೀರ್ ಖುರ್ಮಾ ಕಳುಹಿಸಿದ ನೆರೆಯವರನ್ನು ಕರೆದು ಹ್ಯಾಮ್ ಇಡುವುದು ಸ್ವಾತಂತ್ರ್ಯವಲ್ಲ, ಪ್ರೀತಿಯ ಕೊರತೆ. ಹಾಗೆಯೇ ಹಂದಿಮಾಂಸ ಬೇಯಿಸುವ ಸಭಿಕನ ಮನೆಗೆ ಹೋಗಿ, ಹಸಿವಿಲ್ಲವೆಂಬ ನೆಪ ಹೇಳಿ ಎದ್ದುಬರುವುದು ವಿವೇಕವಲ್ಲ. ಅದು ಅಂತಿಯೋಕ್ಯದ ಪಾಪವೇ.

ಇದಕ್ಕೆ ಮಾದರಿಗಳು ನಮ್ಮಲ್ಲಿಯೇ ಇವೆ. 1727ರಲ್ಲಿ ಹೆರ್ನ್‌ಹೂಟಿನ ಮೊರಾವಿಯನ್ನರು ಪುನಃ ಆರಂಭಿಸಿದ ಪ್ರೇಮಭೋಜನವನ್ನು ಜಾನ್ ವೆಸ್ಲಿಯು ಅವರಿಂದ ಕಲಿತನು. ಮೆಥಡಿಸ್ಟರ ಆ ಕೂಟದಲ್ಲಿ ಇದ್ದುದು ಸರಳವಾದ ರೊಟ್ಟಿಯೂ ನೀರೂ ಮಾತ್ರ. ಕ್ರಿಸ್‌ಮಸ್‌ನ ಆಸುಪಾಸಿನಲ್ಲಿಯೇ ಬರುವ ಎಳ್ಳಮಾವಾಸ್ಯೆಯಂದು ಈ ಸೀಮೆಯ ರೈತರು ಸಜ್ಜೆ ರೊಟ್ಟಿ, ಭಜ್ಜಿಗಳನ್ನು ಹೊಲಕ್ಕೆ ಒಯ್ದು, ಬಂಧುಮಿತ್ರರನ್ನು ಕರೆದು ಉಣ್ಣುತ್ತಾರೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಈ ಮಣ್ಣಿನ ತೊಗರಿಬೇಳೆ, ಕೊನೆಗೆ ಕಮಲಾಪುರದ ಕೆಂಪು ಬಾಳೆ: ಇಷ್ಟಿದ್ದರೆ ಯಾವ ನೆರೆಯವನೂ ಹೊರಗುಳಿಯಬೇಕಾಗಿಲ್ಲ. ಮುಂದೆ ಸಭೆಗಳನ್ನು ಪಾಲಿಸಲಿರುವ ನಮ್ಮ ವಿದ್ಯಾರ್ಥಿಗಳು ಹಬ್ಬದ ದಿನ ತಮ್ಮ ಮನೆಯಲ್ಲಿ ಎಲ್ಲರೂ ಉಣ್ಣಬಲ್ಲದ್ದನ್ನು ಬಡಿಸಲಿ. ಸಭೆಯಲ್ಲಿ ಅತ್ಯಂತ ಬಡವನ ಮನೆಯಲ್ಲಿ ಅವನು ಬಡಿಸಿದ್ದನ್ನು ಕುಳಿತು ಉಣ್ಣಲಿ.